‘ಮೇಲೆ ಹೇಳಿದಂತೆ’ ಎಂಬ ಮಾತು: ಬೇಸಾಯದ ತಿಳಿವಳಿಕೆ ಪತ್ರಗಳಲ್ಲಿ ನಿರ್ದೇಶದ ವಿಚಾರ

ಬಿತ್ತುವ ಬೀಜ, ಹಾಕುವ ಗೊಬ್ಬರ, ಸಿಂಪಡಿಸುವ ಔಷಧ ಇವುಗಳ ಗುಣದೋಷಗಳನ್ನು ಕುರಿತು ಗ್ರಾಮಗಳಲ್ಲಿ ಬೇಕಾದಷ್ಟು ಚರ್ಚೆ ನಡೆಯುತ್ತದೆ. ಆದರೆ ಅವುಗಳನ್ನು ಉಪಯೋಗಿಸುವ ಕ್ರಮವನ್ನು ತಿಳಿಸುವ ಪತ್ರದ ಮಾತಿನಲ್ಲಿಯೇ ದೋಷವಿದ್ದರೆ ಅದನ್ನು ಯಾರೂ ಎತ್ತಿ ತೋರಿಸುವುದಿಲ್ಲ. ಬೀಜ ಮೊಳೆಯದಿದ್ದರೆ ಅಂಗಡಿಯವನನ್ನು ಕೇಳುವರು. ಮಳೆ ಹಿಂದೆಗೆದರೆ ದೈವವನ್ನು ದೂರುವರು. ಪತ್ರದ ಒಂದು ಮಾತು ಎರಡು ಅರ್ಥ ಕೊಟ್ಟು ಅದರಿಂದ ಪೈರು ಸುಟ್ಟುಹೋದರೆ ಮಾತ್ರ, ಓದಿದವನೇ ತಪ್ಪು ತಿಳಿದುಕೊಂಡನೆಂದು ಅಪವಾದವನ್ನು ಅವನ ತಲೆಗೇ ಕಟ್ಟುವರು. ಇದು ನ್ಯಾಯವಲ್ಲ. ಓದುವವನು ತಪ್ಪದಂತೆ ಬರೆಯುವುದು ಬರೆಯುವವನ ಕರ್ತವ್ಯ. ಬರೆದುದು ಸ್ಪಷ್ಟವಾಗಿಲ್ಲದಿದ್ದರೆ ಅದನ್ನು ಕೇಳಿ ತಿದ್ದಿಸಿಕೊಳ್ಳುವುದು ಗ್ರಾಮದ ಮುಖಂಡರ ಕರ್ತವ್ಯ.

ಇಲ್ಲಿ ವಿಚಾರಕ್ಕೆ ತೆಗೆದುಕೊಂಡಿರುವುದು ಒಂದೇ ಬಗೆಯ ಮಾತು. ‘ಮೇಲೆ ಹೇಳಿದಂತೆ’, ‘ಕೆಳಗೆ ಕಾಣಿಸಿದ ಪ್ರಕಾರ’, ‘ಸದರಿ ಔಷಧ’, ‘ಹಿಂದಿನ ಪ್ರಮಾಣದಲ್ಲಿ’, ‘ಕೋಷ್ಟಕ ನೋಡಿರಿ’ ಮುಂತಾದ ಮಾತುಗಳು ಪ್ರತಿಯೊಂದು ತಿಳಿವಳಿಕೆ ಪತ್ರದಲ್ಲಿಯೂ ಬರುತ್ತವೆ. ಇವು ತಾವಾಗಿ ಏನನ್ನೂ ತಿಳಿಸುವುದಿಲ್ಲ. ಓದುವವನನ್ನು ಇನ್ನೊಂದು ಕಡೆಗೆ ಕಳುಹಿಸುತ್ತವೆ. ಇವುಗಳಿಗೆ ನಿರ್ದೇಶವೆಂದು ಹೆಸರು ಕೊಡಬಹುದು. ಮೂರು ದಾರಿ ಕೂಡುವಲ್ಲಿ ನಿಲ್ಲಿಸಿದ ಕೈಮರವು ಮಾಡುವ ಕೆಲಸವನ್ನೇ ಕಾಗದದಲ್ಲಿ ನಿರ್ದೇಶವು ಮಾಡುತ್ತದೆ. ಕೈಮರದ ಮೇಲೆ ಊರಿನ ಹೆಸರಿಲ್ಲದೆ ‘ಆ ಕಡೆ’ ಎಂದಷ್ಟೇ ಬರೆದಿದ್ದರೆ ಹೇಗೋ, ‘ಮೇಲೆ ಹೇಳಿದಂತೆ’ ಎಂಬುದೂ ಹಾಗೆಯೇ. ದಾರಿ ಬಲ್ಲವನಿಗೆ ಅದು ಬೇಡ. ಅರಿಯದವನಿಗೆ ಅದು ಸಾಲದು.

ಮುಂಡಗೋಡದ ಕ್ಯಾಂಪುಗಳ ನಿದರ್ಶನ

ಉತ್ತರ ಕನ್ನಡ ಜಿಲ್ಲೆಯ ಮುಂಡಗೋಡ ತಾಲೂಕಿನಲ್ಲಿರುವ ಟಿಬೆಟನ್ ಕಾಲೊನಿಯು ಈ ವಿಷಯಕ್ಕೆ ಒಳ್ಳೆಯ ನಿದರ್ಶನವಾಗಿದೆ. 1959ರ ತರುವಾಯ ತಮ್ಮ ದೇಶವನ್ನು ಬಿಟ್ಟು ಬಂದ ಟಿಬೇಟಿನ ಜನರಿಗಾಗಿ 1966ರಲ್ಲಿ ಇಲ್ಲಿ ಸುಮಾರು 4,000 ಎಕರೆ ಭೂಮಿಯಲ್ಲಿ ವಸತಿಯು ಏರ್ಪಟ್ಟಿತು. ಅರಣ್ಯವನ್ನು ಸವರಿ ಮಾಡಿದ ಈ ಹೊಲಗಳಲ್ಲಿ ಮಳೆಯಾಶ್ರಯದಿಂದ ಗೋವಿನಜೋಳ, ಭತ್ತ ಮೊದಲಾದ ಪೈರುಗಳನ್ನು ಬೆಳೆಯುತ್ತಾರೆ. ಇಲ್ಲಿಯ ವಸತಿಗಳಿಗೆ ಕ್ಯಾಂಪುಗಳೆಂದು ಹೆಸರು. ಜನರು ಅವುಗಳನ್ನು ಸಂಖ್ಯೆಯಿಂದಲೇ ಗುರುತಿಸುತ್ತಾರೆ. ಗೃಹಸ್ಥ ರೈತರ ಕ್ಯಾಂಪುಗಳು ಒಂದು ಬಗೆ. ಮಠಗಳಿರುವ ಲಾಮಾ ಕ್ಯಾಂಪುಗಳು ಇನ್ನೊಂದು ಬಗೆ. ಲಾಮಾ ಕ್ಯಾಂಪು ನಂಬರು 1ರಲ್ಲಿ ಗಾದೆನ್ ಮಠವೂ, ಲಾಮಾ ಕ್ಯಾಂಪು ನಂಬರು 2ರಲ್ಲಿ ಡ್ರೆಪುಂಗ್ ಮಠವೂ ಇವೆ.

ಹೀಗಿರುವಲ್ಲಿ, ಬರಿಯ ‘ನಂಬರು 2ಕ್ಕೆ ಗೊಬ್ಬರ ಕಳುಹಿಸಿರಿ’ ಎಂದು ಚೀಟಿ ಬರೆದರೆ ಗಾಡಿಯು ಎಲ್ಲಿಗೆ ಹೋಗಬೇಕು? ರೈತರ ಎರಡನೆಯ ಕ್ಯಾಂಪಿಗೋ, ಲಾಮಾಗಳ ಎರಡನೆಯ ಕ್ಯಾಂಪಿಗೋ? ಇಲ್ಲಿಯ ಅಂಗಡಿಕಾರನಾಗಲಿ ಅಂಚೆಯವನಾಗಲಿ ಬರಿಯ ಸಂಖ್ಯೆಯನ್ನು ನಂಬುವಂತಿಲ್ಲ. ‘ಕ್ಯಾಂಪು’ ಎಂದೋ ‘ಲಾಮಾ ಕ್ಯಾಂಪು’ ಎಂದೋ ಬಗೆಯನ್ನು ಮೊದಲು ಹೇಳಿ, ಅನಂತರ ಸಂಖ್ಯೆಯನ್ನು ಹೇಳಬೇಕು. ನಿರ್ದೇಶದ ಮೊದಲನೆಯ ಸೂತ್ರವು ಇದೇ: ಯಾವ ಬಗೆಯ ವಸ್ತು, ಅದರ ಸಂಖ್ಯೆ ಯಾವುದು, ಈ ಎರಡೂ ಕೂಡಿ ಬರಬೇಕು. ಪತ್ರದಲ್ಲಿ 2ನೆಯ ಕಂಡಿಕೆಯೂ, 2ನೆಯ ಕೋಷ್ಟಕವೂ, 2ನೆಯ ಚಿತ್ರವೂ ಇದ್ದು, ಬರೆದವನು ‘2ನ್ನು ನೋಡಿರಿ’ ಎಂದು ಬಿಟ್ಟರೆ ಓದುವವನ ಪಾಡು ಆ ಗಾಡಿಯವನ ಪಾಡೇ ಆಗುತ್ತದೆ.

ಈ ಕ್ಯಾಂಪುಗಳಿಂದ ಕಲಿಯಬೇಕಾದ ಎರಡನೆಯ ಪಾಠವೂ ಉಂಟು. ಕನ್ನಡದಲ್ಲಿ ಅಚ್ಚಾದ ಪತ್ರವು ಅಲ್ಲಿಗೆ ಹೋದಾಗ ಅದನ್ನು ಒಬ್ಬನು ಗಟ್ಟಿಯಾಗಿ ಓದಬೇಕು, ಇನ್ನೊಬ್ಬನು ಅದನ್ನು ಟಿಬೇಟಿನ ಭಾಷೆಯಲ್ಲಿ ಹೇಳಬೇಕು, ಉಳಿದವರು ಕಿವಿಯಿಂದ ಕೇಳಬೇಕು. ಮಾತಿನ ಕನ್ನಡ ಬಲ್ಲವರೆಲ್ಲರೂ ಬರಹದ ಕನ್ನಡ ಬಲ್ಲವರಾಗಿರುವುದಿಲ್ಲ. ಕಿವಿಗೆ ‘ಮೇಲೆ’ ಎಂಬುದಿಲ್ಲ, ‘ಕೆಳಗೆ’ ಎಂಬುದಿಲ್ಲ. ಮೊದಲು ಕೇಳಿದ್ದು, ಆಮೇಲೆ ಕೇಳಿದ್ದು ಎಂಬುದು ಮಾತ್ರ ಉಂಟು. ಹಾಳೆಯ ತಲೆಯಲ್ಲಿರುವ ಕೋಷ್ಟಕವನ್ನು ಓದುವವನು ಬಿಟ್ಟು ಮುಂದೆ ಹೋಗಿದ್ದರೆ, ‘ಮೇಲಿನ ಕೋಷ್ಟಕ’ ಎಂಬ ಮಾತನ್ನು ಕೇಳಿದವರಿಗೆ ಕೈಗೆ ಸಿಗುವುದು ಗಾಳಿ.

ಇದು ಟಿಬೇಟಿನವರ ಕಷ್ಟ ಮಾತ್ರವೆಂದು ತಿಳಿಯಬಾರದು. ಕನ್ನಡದ ಹಳ್ಳಿಗಳಲ್ಲಿಯೂ ಮನೆಯ ಯಜಮಾನರಿಗೆ ಮಗಳೋ ಮೊಮ್ಮಗನೋ ಪತ್ರವನ್ನು ಓದಿ ಹೇಳುವುದು ರೂಢಿಯಲ್ಲಿದೆ. ಇಷ್ಟಲ್ಲದೆ, ಈಗ ಪತ್ರವು ಪತ್ರವಾಗಿಯೇ ಉಳಿಯುವುದಿಲ್ಲ. ನಾಲ್ಕು ಪುಟದ ಹಸ್ತಪತ್ರಿಕೆಯಲ್ಲಿ ತನಗೆ ಬೇಕಾದ ಒಂದು ಪುಟವನ್ನು ಯಾರೋ ಮೊಬೈಲಿನಲ್ಲಿ ಚಿತ್ರ ತೆಗೆದು ಹತ್ತು ಊರಿಗೆ ಕಳುಹಿಸುತ್ತಾರೆ. ಮೂರನೆಯ ಪುಟ ಮಾತ್ರ ತಲುಪಿದ ರೈತನಿಗೆ ‘ಹಿಂದಿನ ಪುಟದಲ್ಲಿ ಹೇಳಿದ ಪ್ರಮಾಣ’ ಎಂಬುದರಿಂದ ಏನು ಪ್ರಯೋಜನ? ಹಾಳೆ ಹರಿದರೂ, ಚಿತ್ರ ತುಂಡಾದರೂ, ಬಾಯಿಯಿಂದ ಬಾಯಿಗೆ ಹೋದರೂ, ಭಾಷೆ ಬದಲಾದರೂ ಅರ್ಥ ಕೆಡದಂತಹ ಮಾತನ್ನೇ ಬರೆಯುವವನು ಆರಿಸಬೇಕು.

ದಿಕ್ಕಿನ ಮಾತುಗಳ ದೋಷ

ಕನ್ನಡದಲ್ಲಿ ‘ಮೇಲೆ, ಕೆಳಗೆ, ಹಿಂದೆ, ಮುಂದೆ’ ಎಂಬ ನಾಲ್ಕು ಮಾತುಗಳು ಸ್ಥಳವನ್ನು ಹೇಳುವಂತೆಯೇ ಕಾಲವನ್ನೂ ಹೇಳಬಲ್ಲವು. ‘ಮಳೆ ಬಂದ ಮೇಲೆ’ ಎಂದರೆ ಮಳೆ ಬಂದ ಅನಂತರ. ‘ಮೇಲೆ ಹೇಳಿದ’ ಎಂದರೆ ಮೊದಲು ಹೇಳಿದ. ಒಂದೇ ಮಾತು ಒಮ್ಮೆ ಅನಂತರವೆಂದೂ ಒಮ್ಮೆ ಮೊದಲೆಂದೂ ಅರ್ಥ ಕೊಡುತ್ತದೆ. ಹಾಗೆಯೇ ‘ಮುಂದಿನ ಸಿಂಪಡಣೆಗೆ ಹಿಂದಿನ ಪ್ರಮಾಣ’ ಎಂದು ಬರೆದರೆ, ‘ಹಿಂದಿನ’ ಎಂಬುದು ಹಿಂದಿನ ಸಿಂಪಡಣೆಯೋ, ಹಿಂದಿನ ಪುಟವೋ, ಹಿಂದಿನ ವರ್ಷವೋ ಎಂಬುದು ಬರೆದವನಿಗೆ ಮಾತ್ರ ಗೊತ್ತು.

ಗೊಬ್ಬರದ ವಿಷಯದಲ್ಲಿ ಈ ತೊಡಕು ಇನ್ನೂ ಹೆಚ್ಚು. ಬಿತ್ತುವಾಗ ಕೊಡುವುದು ಮೂಲಗೊಬ್ಬರ. ಪೈರು ಬೆಳೆಯುವಾಗ ಕೊಡುವುದು ಮೇಲುಗೊಬ್ಬರ. ಪತ್ರದಲ್ಲಿ ಮೂಲಗೊಬ್ಬರದ ಪ್ರಮಾಣವನ್ನು ಹೇಳಿ, ಕೆಳಗಿನ ಸಾಲಿನಲ್ಲಿ ‘ಮೇಲಿನ ಗೊಬ್ಬರವನ್ನು ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಬೇಕು’ ಎಂದು ಬರೆದರೆ, ಕೇಳುವ ರೈತನು ಅದನ್ನು ಮೇಲುಗೊಬ್ಬರವೆಂದು ತಿಳಿಯುವುದು ಸಹಜ. ಆಗ ಬಿತ್ತನೆಗೆ ಸೇರಬೇಕಾದ ರಂಜಕವು ತಿಂಗಳು ಕಳೆದು ಸೇರುತ್ತದೆ. ಬೇರು ಬಿಡುವ ಕಾಲ ದಾಟಿದ ಮೇಲೆ ಸೇರಿದ ರಂಜಕವು ಆ ವರ್ಷದ ಪೈರಿಗೆ ಪೂರ್ಣವಾಗಿ ಒದಗುವುದಿಲ್ಲ. ಹಣವೂ ಹೋಯಿತು, ಫಲವೂ ಹೋಯಿತು. ‘ಮೂಲಗೊಬ್ಬರವನ್ನು ಬಿತ್ತುವಾಗ ಸಾಲಿನಲ್ಲಿ ಹಾಕಿ ಮಣ್ಣು ಮುಚ್ಚಬೇಕು’ ಎಂದು ಹೆಸರು ಹಿಡಿದು ಬರೆದಿದ್ದರೆ ಈ ನಷ್ಟವಿರುತ್ತಿರಲಿಲ್ಲ.

‘ಮೊದಲನೆಯದು’, ‘ಎರಡನೆಯದು’, ‘ಮೇಲಿನ ಮಿಶ್ರಣ’

ಅಡಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣವನ್ನು ಸಿಂಪಡಿಸುವುದನ್ನು ಈ ಜಿಲ್ಲೆಯ ತೋಟಿಗರೆಲ್ಲರೂ ಬಲ್ಲರು. ಮೈಸೂರು ಸಂಸ್ಥಾನದ ವ್ಯವಸಾಯ ಇಲಾಖೆಯ ಲೆಸ್ಲಿ ಕೋಲ್ಮನ್ ಅವರು 1910ರ ಸುಮಾರಿಗೆ ಮಲೆನಾಡಿನ ತೋಟಗಳಲ್ಲಿ ಈ ಕ್ರಮವನ್ನು ಪರೀಕ್ಷಿಸಿ ಪ್ರಚಾರಕ್ಕೆ ತಂದರು. ಶೇಕಡಾ 1ರ ದ್ರಾವಣಕ್ಕೆ 1 ಕಿಲೋ ಮೈಲುತುತ್ತವನ್ನು 50 ಲೀಟರು ನೀರಿನಲ್ಲಿಯೂ, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರು ನೀರಿನಲ್ಲಿಯೂ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತ ಸುರಿಯಬೇಕು. ಸುಣ್ಣದ ನೀರನ್ನು ಮೈಲುತುತ್ತದ ನೀರಿಗೆ ಸುರಿಯಬಾರದು. ಹಾಗೆ ಮಾಡಿದರೆ ಗಸಿಯು ಒರಟಾಗಿ ಬೇಗನೆ ತಳಕ್ಕೆ ಕೂರುತ್ತದೆ. ಗೊನೆಗೆ ಅಂಟಿ ನಿಲ್ಲಬೇಕಾದ ಗುಣವು ಕೆಡುತ್ತದೆ.

ಇಷ್ಟು ಮುಖ್ಯವಾದ ಮಾತನ್ನು ‘ಮೊದಲನೆಯದನ್ನು ಎರಡನೆಯದಕ್ಕೆ ಸುರಿಯಿರಿ’ ಎಂದು ಬರೆಯಬಹುದೇ? ಓದಿ ಹೇಳುವವನು ಸುಣ್ಣದ ಸಾಲನ್ನು ಮೊದಲು ಓದಿಬಿಟ್ಟರೆ, ಅಥವಾ ಆಳು ಸುಣ್ಣದ ಪಾತ್ರೆಯನ್ನು ಮೊದಲು ಇಟ್ಟಿದ್ದರೆ, ಎಲ್ಲವೂ ತಲೆಕೆಳಗಾಗುತ್ತದೆ. ‘ಮೈಲುತುತ್ತ’, ‘ಸುಣ್ಣ’ ಎಂಬ ಎರಡು ಹೆಸರುಗಳನ್ನು ಇನ್ನೊಮ್ಮೆ ಬರೆಯುವುದಕ್ಕೆ ಬೇಕಾಗುವ ಮಸಿ ಎಷ್ಟು? ಮಳೆಗಾಲದ ನಡುವೆ ಒಂದು ಸಿಂಪಡಣೆ ವ್ಯರ್ಥವಾದರೆ ಆಗುವ ನಷ್ಟವೆಷ್ಟು? ಇದೇ ರೀತಿ, ಬರಿಯ ‘ಬೋರ್ಡೋ’ ಎಂದು ನಿರ್ದೇಶಿಸುವುದೂ ತಪ್ಪು. ಸಿಂಪಡಿಸುವ ದ್ರಾವಣಕ್ಕೆ ಮೈಲುತುತ್ತ ಮತ್ತು ಸುಣ್ಣ ಒಂದೊಂದು ಕಿಲೋಗೆ 100 ಲೀಟರು ನೀರು. ಗಾಯಕ್ಕೆ ಹಚ್ಚುವ ಮುಲಾಮಿಗೆ ಅಷ್ಟಕ್ಕೇ 10 ಲೀಟರು ನೀರು. ಹೆಸರು ಒಂದೇ ಆದರೂ ಒಂದಕ್ಕಿಂತ ಇನ್ನೊಂದು ಹತ್ತು ಪಾಲು ಗಟ್ಟಿ. ‘ಬೋರ್ಡೋ ದ್ರಾವಣ’, ‘ಬೋರ್ಡೋ ಮುಲಾಮು’ ಎಂದು ಪ್ರತಿ ಸಲವೂ ಪೂರ್ಣ ಹೆಸರನ್ನೇ ಬರೆಯಬೇಕು.

ಇದಕ್ಕಿಂತ ಭಯಂಕರವಾದ ನಿದರ್ಶನವು ಗೋವಿನಜೋಳದಲ್ಲಿದೆ. ಅಮೆರಿಕಾ ಖಂಡದ ಫಾಲ್ ಸೈನಿಕ ಹುಳುವು ಭಾರತದಲ್ಲಿ ಮೊದಲು ಕಂಡುದು 2018ರಲ್ಲಿ, ಶಿವಮೊಗ್ಗದಲ್ಲಿ. ಸುಳಿಯೊಳಗೆ ಸೇರಿ ತಿನ್ನುವ ಈ ಹುಳುವಿಗೆ ಆ ಕಾಲದ ಸೂಚನೆಗಳಲ್ಲಿ ಒಂದು ವಿಷದ ತಿಂಡಿಯನ್ನು ಹೇಳಿದ್ದರು. 10 ಕಿಲೋ ಅಕ್ಕಿಯ ತೌಡು, 2 ಕಿಲೋ ಬೆಲ್ಲ, 2ರಿಂದ 3 ಲೀಟರು ನೀರು ಇವನ್ನು ಕಲಸಿ 24 ಗಂಟೆ ಹುಳಿಯಲು ಬಿಡುವುದು. ಹೊಲಕ್ಕೆ ಹಾಕುವ ಅರ್ಧ ಗಂಟೆ ಮೊದಲು ಮಾತ್ರ 100 ಗ್ರಾಂ ಥಯೋಡಿಕಾರ್ಬ್ ಎಂಬ ವಿಷವನ್ನು ಸೇರಿಸಿ ಸುಳಿಗೆ ಹಾಕುವುದು. ಇಲ್ಲಿ ಸಾಮಾನುಗಳನ್ನೆಲ್ಲ ಒಂದು ಪಟ್ಟಿಯಲ್ಲಿ ಬರೆದು, ಅದರ ಕೆಳಗೆ ‘ಮೇಲಿನ ಮಿಶ್ರಣವನ್ನು 24 ಗಂಟೆ ಇಡಬೇಕು’ ಎಂದು ಬರೆದರೆ ಏನಾಗುವುದೆಂಬುದನ್ನು ಯೋಚಿಸಬೇಕು. ವಿಷವೂ ಮಿಶ್ರಣದಲ್ಲಿ ಸೇರಿತೆಂದು ರೈತನು ತಿಳಿಯುತ್ತಾನೆ. ತೌಡು, ಬೆಲ್ಲ ಎರಡೂ ದನಕರುಗಳಿಗೆ ಪ್ರಿಯವಾದ ವಸ್ತುಗಳು. ವಿಷ ಬೆರೆತ ತೌಡು ಒಂದು ರಾತ್ರಿ, ಒಂದು ಹಗಲು ಹಿತ್ತಿಲಿನಲ್ಲಿದ್ದರೆ ಹುಳುವಿಗೆ ಇಟ್ಟ ತಿಂಡಿಯು ಹಟ್ಟಿಯ ಹಸುವಿಗೆ ಯಮಪಾಶವಾಗುವುದು. ‘ತೌಡು, ಬೆಲ್ಲ, ನೀರು ಈ ಮೂರನ್ನು ಮಾತ್ರ ಕಲಸಿ 24 ಗಂಟೆ ಇಡಬೇಕು, ವಿಷವನ್ನು ಇದಕ್ಕೆ ಈಗ ಸೇರಿಸಬಾರದು’ ಎಂದು ಬಿಡಿಸಿ ಬರೆಯುವುದೇ ಸರಿಯಾದ ಕ್ರಮ.

ಪ್ರಮಾಣವನ್ನು ನಿರ್ದೇಶಿಸಬಾರದು, ಹೇಳಬೇಕು

ಇದರಿಂದ ಎರಡನೆಯ ಸೂತ್ರವು ದೊರೆಯುತ್ತದೆ. ವಿವರಣೆಗೆ ನಿರ್ದೇಶ ಸಾಕು. ಪ್ರಮಾಣಕ್ಕೆ ನಿರ್ದೇಶ ಸಲ್ಲದು. ಹುಳುವಿನ ಜೀವನಕ್ರಮ, ರೋಗದ ಲಕ್ಷಣ, ತಳಿಯ ಚರಿತ್ರೆ ಇವುಗಳನ್ನು ತಿಳಿಯಬೇಕಾದವನು ಇನ್ನೊಂದು ಪುಟಕ್ಕೆ ಹೋಗಿ ಓದಲಿ. ಆದರೆ ಎಷ್ಟು ಗ್ರಾಂ, ಎಷ್ಟು ನೀರಿಗೆ, ಎಷ್ಟು ನೆಲಕ್ಕೆ ಎಂಬ ಮೂರು ಅಂಶಗಳು ಕೆಲಸವನ್ನು ಹೇಳುವ ವಾಕ್ಯದಲ್ಲಿಯೇ ಇರಬೇಕು.

ಯಾತಕ್ಕೆಂದರೆ, ‘ಮೇಲಿನ ಪ್ರಮಾಣ’ ಎಂಬ ಮಾತು ಅಂಕಿಯನ್ನು ತರುತ್ತದೆ, ಅಳತೆಯನ್ನು ಬಿಟ್ಟು ಬರುತ್ತದೆ. ಕೋಷ್ಟಕದ ತಲೆಬರಹದಲ್ಲಿ ‘ಹೆಕ್ಟೇರಿಗೆ’ ಎಂದಿರುತ್ತದೆ. ರೈತನ ಲೆಕ್ಕವೆಲ್ಲ ಎಕರೆ, ಗುಂಟೆಗಳಲ್ಲಿ. ಒಂದು ಹೆಕ್ಟೇರೆಂದರೆ ಸುಮಾರು 2 ಎಕರೆ 19 ಗುಂಟೆ. ತಲೆಬರಹವನ್ನು ನೋಡದೆ ಅಂಕಿಯನ್ನು ಮಾತ್ರ ತೆಗೆದುಕೊಂಡರೆ ಎಕರೆಗೆ ಎರಡೂವರೆ ಪಾಲು ಬೀಳುತ್ತದೆ. ಔಷಧದಲ್ಲಿಯೂ ಹಾಗೆಯೇ. ಸೈನಿಕ ಹುಳುವಿಗೆ ಎಮಾಮೆಕ್ಟಿನ್ ಬೆಂಜೊಯೇಟ್ ಎಂಬ ಔಷಧವನ್ನು ಲೀಟರಿಗೆ 0.4 ಗ್ರಾಂ ಎಂದು ಸೂಚನೆಗಳಲ್ಲಿ ಹೇಳಿದ್ದರು. 16 ಲೀಟರಿನ ಕ್ಯಾನಿಗೆ ಅದು 6.4 ಗ್ರಾಂ ಆಗುತ್ತದೆ. ಲೀಟರಿನ ಅಂಕಿಯನ್ನು ಕ್ಯಾನಿನದೆಂದು ತಿಳಿದರೆ ಹುಳು ಸಾಯುವುದಿಲ್ಲ. ಕ್ಯಾನಿನ ಅಂಕಿಯನ್ನು ಲೀಟರಿನದೆಂದು ತಿಳಿದರೆ ಸಿಂಪಡಿಸುವವನಿಗೇ ಅಪಾಯ.

ಚೀಲದ ಮಾತೂ ಇದಕ್ಕೆ ಸೇರಿದ್ದು. ಮೊದಲು ಯೂರಿಯಾ ಚೀಲವು 50 ಕಿಲೋ ತೂಗುತ್ತಿತ್ತು. 2018ರಿಂದ 45 ಕಿಲೋ ಚೀಲವು ಬಂದಿತು. ಯೂರಿಯಾದಲ್ಲಿ ಸಾರಜನಕವು ಶೇಕಡಾ 46 ಆದ ಕಾರಣ ಹಳೆಯ ಚೀಲದಲ್ಲಿ 23 ಕಿಲೋ ಸಾರಜನಕವಿತ್ತು, 45 ಕಿಲೋ ಚೀಲದಲ್ಲಿ 20.7 ಕಿಲೋ ಮಾತ್ರ ಇದೆ. ‘ಹಿಂದಿನಂತೆ ಎಕರೆಗೆ ಎರಡು ಚೀಲ’ ಎಂದು ಬರೆದರೆ ಯಾವ ಹಿಂದು, ಯಾವ ಚೀಲ? ಕಿಲೋಗಳಲ್ಲಿಯೇ ಬರೆಯುವುದು ಉತ್ತಮ.

ಹಳೆಯ ಪುಸ್ತಕಕ್ಕೆ ಕಳುಹಿಸುವ ಅಪಾಯ

ಒಂದು ಪತ್ರದಿಂದ ಇನ್ನೊಂದು ಪುಸ್ತಕಕ್ಕೆ ಕಳುಹಿಸುವಾಗ ಆ ಪುಸ್ತಕದ ವರ್ಷವನ್ನು ಹೇಳದಿರುವುದು ಮತ್ತೊಂದು ದೊಡ್ಡ ದೋಷ. ಧಾರವಾಡದ ಕೃಷಿ ವಿಶ್ವವಿದ್ಯಾನಿಲಯದಿಂದ ಬೇಸಾಯ ಕ್ರಮಗಳ ಪುಸ್ತಕಗಳು ಹೊರಡುತ್ತವೆ; ಕಾಲಕಾಲಕ್ಕೆ ಅವುಗಳಲ್ಲಿ ಶಿಫಾರಸುಗಳು ಬದಲಾಗುತ್ತವೆ. ‘ಬೇಸಾಯ ಕ್ರಮದ ಪುಸ್ತಕದಲ್ಲಿ ಹೇಳಿದ ಔಷಧ’ ಎಂದಷ್ಟೇ ಬರೆದರೆ, ರೈತನ ಮನೆಯ ಜಂತಿಯಲ್ಲಿ ಸಿಕ್ಕಿಸಿದ ಇಪ್ಪತ್ತು ವರ್ಷದ ಹಳೆಯ ಪುಸ್ತಕವೂ ಆ ಮಾತಿಗೆ ಒಳಪಡುತ್ತದೆ.

ಎಂಡೋಸಲ್ಫಾನಿನ ಕಥೆಯನ್ನು ಇಲ್ಲಿ ನೆನೆಯಬೇಕು. ಕಾಸರಗೋಡು ಜಿಲ್ಲೆಯ ಎಣ್ಮಕಜೆ ಮೊದಲಾದ ಗ್ರಾಮಗಳಲ್ಲಿಯೂ, ದಕ್ಷಿಣ ಕನ್ನಡದಲ್ಲಿಯೂ ಗೇರು ತೋಟಗಳಿಗೆ ಆಕಾಶಮಾರ್ಗದಿಂದ ಸಿಂಪಡಿಸಿದ ಈ ಔಷಧದಿಂದ ಜನರಿಗಾದ ವ್ಯಥೆಯು ಲೋಕಪ್ರಸಿದ್ಧವಾಗಿದೆ. 2011ರ ಮೇ 13ರಂದು ಭಾರತದ ಸರ್ವೋಚ್ಚ ನ್ಯಾಯಾಲಯವು ದೇಶದಲ್ಲೆಲ್ಲ ಇದರ ತಯಾರಿಕೆ, ಮಾರಾಟ, ಬಳಕೆಗಳನ್ನು ತಡೆಯಿತು. ಆದರೆ ಅದಕ್ಕೆ ಮುಂಚಿನ ಪುಸ್ತಕಗಳಲ್ಲಿ ಅನೇಕ ಬೆಳೆಗಳ ಕೆಳಗೆ ಅದರ ಹೆಸರು ಅಚ್ಚಾಗಿತ್ತು. ವರ್ಷವಿಲ್ಲದ ನಿರ್ದೇಶವು ನಿಷೇಧವಾದ ವಿಷವನ್ನು ಹಿತ್ತಲ ಬಾಗಿಲಿನಿಂದ ಮತ್ತೆ ಒಳಗೆ ಕರೆಯುತ್ತದೆ. ಆದುದರಿಂದ ಪುಸ್ತಕದ ಹೆಸರು, ಅಚ್ಚಾದ ವರ್ಷ, ಅಧ್ಯಾಯದ ಹೆಸರು ಈ ಮೂರನ್ನೂ ಹೇಳದೆ ಯಾರನ್ನೂ ಯಾವ ಪುಸ್ತಕಕ್ಕೂ ಕಳುಹಿಸಕೂಡದು. ಪುಟಸಂಖ್ಯೆಯೊಂದನ್ನೇ ನಂಬುವುದೂ ಸರಿಯಲ್ಲ; ಹೊಸ ಅಚ್ಚಿನಲ್ಲಿ ಪುಟಗಳು ಸರಿಯುತ್ತವೆ, ಅಧ್ಯಾಯದ ಹೆಸರು ಸಾಮಾನ್ಯವಾಗಿ ನಿಲ್ಲುತ್ತದೆ.

‘ನೋಡಬಹುದು’, ‘ನೋಡಿರಿ’, ‘ಓದಿದ ಮೇಲೆಯೇ ಮಾಡತಕ್ಕದ್ದು’

ಎಲ್ಲಿ ನೋಡಬೇಕೆಂಬುದರಂತೆಯೇ, ನೋಡಲೇಬೇಕೋ ಬಿಟ್ಟರೂ ನಡೆಯುವುದೋ ಎಂಬುದನ್ನೂ ನಿರ್ದೇಶವು ತಿಳಿಸಬೇಕು. ಈಗಿನ ಪತ್ರಗಳಲ್ಲಿ ಎಲ್ಲದಕ್ಕೂ ‘ನೋಡಿ’ ಎಂಬ ಒಂದೇ ಮಾತು. ತಳಿಯ ಚಿತ್ರಕ್ಕೂ ‘ನೋಡಿ’, ವಿಷ ತಗಲಿದಾಗ ಮಾಡಬೇಕಾದ ಉಪಚಾರಕ್ಕೂ ‘ನೋಡಿ’. ಹತ್ತು ಕಡೆ ‘ನೋಡಿ’ ಎಂಬುದನ್ನು ಕಂಡು ಬೇಸತ್ತ ರೈತನು ಹನ್ನೊಂದನೆಯದನ್ನು ನೋಡುವುದಿಲ್ಲ. ಪ್ರಾಣಕ್ಕೆ ಸಂಬಂಧಿಸಿದ್ದು ಆ ಹನ್ನೊಂದನೆಯದೇ ಆಗಿರಬಹುದು.

ಕೀಟನಾಶಕದ ಡಬ್ಬಿಯು ಇದಕ್ಕೆ ತಕ್ಕ ಉದಾಹರಣೆ. 1968ರ ಕೀಟನಾಶಕ ಕಾಯಿದೆ ಮತ್ತು ಅದರ ಕೆಳಗಿನ 1971ರ ನಿಯಮಗಳ ಪ್ರಕಾರ ಡಬ್ಬಿಯ ಮೇಲೆ ಚೀಟಿಯೂ, ಅದರೊಡನೆ ತಿಳಿವಳಿಕೆಯ ಪತ್ರವೂ ಇರಬೇಕು. ಚೀಟಿಯಲ್ಲಿ ಕೆಂಪು, ಹಳದಿ, ನೀಲಿ, ಹಸಿರು ಬಣ್ಣಗಳಿಂದ ವಿಷದ ತೀವ್ರತೆಯನ್ನು ತೋರಿಸಿರುತ್ತದೆ. ಕೆಂಪು ಅತಿ ತೀವ್ರ, ಹಸಿರು ಎಲ್ಲಕ್ಕಿಂತ ಕಡಿಮೆ. ವಿಷದ ಲಕ್ಷಣಗಳು, ಪ್ರಥಮ ಚಿಕಿತ್ಸೆ, ಖಾಲಿ ಡಬ್ಬಿಯ ವಿಲೇವಾರಿ ಇವುಗಳ ವಿವರವು ಪತ್ರದಲ್ಲಿರುತ್ತದೆ. ಹೀಗಾಗಿ ಡಬ್ಬಿಯು ತನ್ನ ಅರ್ಧ ಮಾತನ್ನು ಪತ್ರಕ್ಕೆ ಒಪ್ಪಿಸಿ ತಾನು ಸುಮ್ಮನಾಗುತ್ತದೆ. ಆ ಪತ್ರವು ಅಂಗಡಿಯ ಬಾಗಿಲಿನಲ್ಲಿಯೇ ಕಸವಾದರೆ ನಿರ್ದೇಶವು ಎಷ್ಟು ಸರಿಯಾಗಿದ್ದರೂ ನಿಷ್ಪ್ರಯೋಜಕ. ಪತ್ರವಿಲ್ಲದ ಡಬ್ಬಿಯನ್ನು ಕೊಳ್ಳುವುದಿಲ್ಲವೆಂದು ಜಮೀನುದಾರರು ಹಟ ಹಿಡಿಯಬೇಕು.

ಬರೆಯುವವರು ಮೂರು ಬಗೆಯ ಮಾತನ್ನು ಮೂರು ಕೆಲಸಕ್ಕೆ ಮೀಸಲಾಗಿಡುವುದು ಒಳ್ಳೆಯದು. ಹೆಚ್ಚು ತಿಳಿಯಬೇಕೆಂಬ ಆಸೆಯುಳ್ಳವನಿಗೆ ‘ನೋಡಬಹುದು’. ಕೆಲಸಕ್ಕೆ ನೆರವಾಗುವ ಚಿತ್ರ, ಕೋಷ್ಟಕಗಳಿಗೆ ‘ನೋಡಿರಿ’. ಬಿಟ್ಟರೆ ಅಪಾಯವಿರುವಲ್ಲಿ ‘ಇದನ್ನು ಓದಿದ ಮೇಲೆಯೇ ಕೆಲಸ ಮಾಡತಕ್ಕದ್ದು’. ಒಮ್ಮೆ ಈ ಭೇದವು ರೂಢಿಗೆ ಬಂದರೆ ಓದುವವನು ಮಾತಿನ ತೂಕವನ್ನು ತಾನಾಗಿಯೇ ಅರಿಯುವನು.

ಗ್ರಾಮದಲ್ಲಿಯೇ ಇರುವ ಒಳ್ಳೆಯ ಪದ್ಧತಿ

ಇಲ್ಲಿ ಹೇಳುತ್ತಿರುವುದು ರೈತರಿಗೆ ಹೊಸತೇನಲ್ಲ. ಭೂಮಿಯ ವಿಷಯದಲ್ಲಿ ಅವರು ಬಹಳ ಎಚ್ಚರಿಕೆಯಿಂದ ನಿರ್ದೇಶಿಸಬಲ್ಲರು. ‘ಕೆರೆಯ ಮೇಲಿನ ಹೊಲ’ ಎಂದು ಬರೆದ ಪತ್ರವನ್ನು ನಂಬಿ ಯಾರೂ ಹಣ ಕೊಡುವುದಿಲ್ಲ. ಗ್ರಾಮದ ಹೆಸರು, ಸರ್ವೆ ನಂಬರು, ಹಿಸ್ಸೆ, ಕ್ಷೇತ್ರ, ನಾಲ್ಕು ದಿಕ್ಕಿನ ಚಕ್ಕುಬಂದಿ ಇವೆಲ್ಲವನ್ನೂ ಕೇಳುತ್ತಾರೆ. ಒಂದು ಗುರುತು ತಪ್ಪಿದರೂ ಇನ್ನೊಂದು ಗುರುತು ಹೊಲವನ್ನು ಹಿಡಿದುಕೊಡಬೇಕೆಂಬುದೇ ಇದರ ಅಭಿಪ್ರಾಯ. ಪಹಣಿಯಲ್ಲಿ ಹಕ್ಕು ಬದಲಾವಣೆಯ ಸಂಖ್ಯೆಯೊಡನೆ ವರ್ಷವನ್ನೂ ಬರೆಯುತ್ತಾರೆ. ವರ್ಷವಿಲ್ಲದಿದ್ದರೆ ಅದೇ ಸಂಖ್ಯೆಯು ಬೇರೆ ವರ್ಷದಲ್ಲಿಯೂ ಸಿಗುತ್ತದೆ. ಬಗರ್ ಹುಕುಂ ಅರ್ಜಿ ಕೊಟ್ಟವರು ‘ಆ ಅರ್ಜಿ’ ಎನ್ನುವುದಿಲ್ಲ. ‘ನಮೂನೆ 50’, ‘ನಮೂನೆ 53’, ‘ನಮೂನೆ 57’ ಎಂದು ಬೇರೆ ಬೇರೆಯಾಗಿ ಹೇಳುತ್ತಾರೆ. ಭೂಮಿಗೆ ಇರುವ ಈ ಎಚ್ಚರವು ಆ ಭೂಮಿಗೆ ಹಾಕುವ ವಿಷಕ್ಕೆ ಇಲ್ಲದಿರುವುದು ಸೋಜಿಗ.

ಕಾಲೊನಿಯ ಮಠಗಳಲ್ಲಿಯೂ ಇಂತಹ ಪದ್ಧತಿಯುಂಟು. ಟಿಬೇಟಿನ ಧರ್ಮಗ್ರಂಥಗಳು ಹೊಲಿಗೆಯಿಲ್ಲದ ಉದ್ದನೆಯ ಬಿಡಿ ಹಾಳೆಗಳ ಕಟ್ಟುಗಳಾಗಿರುತ್ತವೆ. ಹಾಳೆಗಳು ಕಲಸಿಹೋಗುವ ಭಯವಿರುವುದರಿಂದ, ಪ್ರತಿ ಹಾಳೆಯ ಮುಂಬದಿಯ ಎಡ ಅಂಚಿನಲ್ಲಿ ಸಂಪುಟದ ಗುರುತಿನ ಅಕ್ಷರವನ್ನೂ, ಹಾಳೆಯ ಸಂಖ್ಯೆಯನ್ನು ಅಂಕಿಯಲ್ಲಲ್ಲದೆ ಅಕ್ಷರಗಳಲ್ಲಿಯೂ ಬರೆಯುವ ಸಂಪ್ರದಾಯವಿದೆ. ಗಾಳಿಗೆ ಹಾರಿದ ಒಂದು ಹಾಳೆಯನ್ನು ಎತ್ತಿಕೊಂಡವನೂ ಅದು ಯಾವ ಸಂಪುಟದ ಎಷ್ಟನೆಯ ಹಾಳೆಯೆಂದು ಹೇಳಬಲ್ಲನು. ನಮೂದಿಲ್ಲದೆ ಹಾರಾಡುವ ಈಗಿನ ಹಸ್ತಪತ್ರಿಕೆಗಳ ಪುಟಗಳಿಗೂ ಇಂತಹ ಏರ್ಪಾಡು ಬೇಕು: ಪ್ರತಿ ಪುಟದ ಅಂಚಿನಲ್ಲಿ ಬೆಳೆಯ ಹೆಸರು, ಪತ್ರದ ಸಂಖ್ಯೆ, ವರ್ಷ, ಪುಟ.

ಇನ್ನು ‘ಸದರಿ’ ಎಂಬ ಮಾತಿನ ವಿಚಾರ. ಇದೂ, ಹಳೆಯ ಕಾಗದಗಳಲ್ಲಿ ಬರುವ ‘ಮಜಕೂರ’ ಎಂಬ ಮಾತೂ ಪಾರಸಿಯ ದಫ್ತರಗಳಿಂದ ಮರಾಠಿಯ ಮೂಲಕ ಈ ಪ್ರಾಂತದ ಕಾಗದಗಳಿಗೆ ಬಂದವು. ಒಂದೇ ಹೊಲದ, ಒಂದೇ ಸಾಲದ ಪತ್ರದಲ್ಲಿ ‘ಸದರಿ ಜಮೀನು’ ಎಂದರೆ ತೊಡಕಿಲ್ಲ. ಅಲ್ಲಿ ಅದು ನ್ಯಾಯವಾಗಿಯೇ ಸಲ್ಲುತ್ತದೆ. ಆದರೆ ಎರಡು ಹೊಲಗಳು ಒಂದು ಪತ್ರದಲ್ಲಿ ಬಂದ ಕೂಡಲೇ, ಮೂರು ಔಷಧಗಳು ಒಂದು ಪುಟದಲ್ಲಿ ಬಂದ ಕೂಡಲೇ ‘ಸದರಿ’ಯು ಯಾರ ಕಡೆಗೂ ಸಾಕ್ಷಿ ಹೇಳದ ಸಾಕ್ಷಿಯಾಗುತ್ತದೆ.

ಒಂದು ಆಕ್ಷೇಪ ಮತ್ತು ಸಮಾಧಾನ

ಹೆಸರುಗಳನ್ನೂ ಪ್ರಮಾಣಗಳನ್ನೂ ಪದೇ ಪದೇ ಬರೆದರೆ ಪತ್ರ ಉದ್ದವಾಗುವುದಿಲ್ಲವೇ, ಓದಲು ಬೇಸರವಾಗುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇನ್ನೂ ಬಲವಾದ ಆಕ್ಷೇಪವೊಂದುಂಟು: ಒಂದೇ ಪ್ರಮಾಣವನ್ನು ನಾಲ್ಕು ಕಡೆ ಬರೆದಿದ್ದು, ಅನಂತರ ಅದು ಬದಲಾದಾಗ ಮೂರು ಕಡೆ ತಿದ್ದಿ ಒಂದು ಕಡೆ ಮರೆತರೆ ಪತ್ರವು ತನಗೆ ತಾನೇ ವಿರೋಧವಾಗುವುದು. ಈ ಮಾತು ನಿಜ. ಆದಕಾರಣ ದೊಡ್ಡ ಪುಸ್ತಕಗಳಲ್ಲಿ ಪ್ರಮಾಣಗಳನ್ನು ಒಂದೇ ಕೋಷ್ಟಕದಲ್ಲಿಟ್ಟು, ಆ ಕೋಷ್ಟಕಕ್ಕೆ ಹೆಸರು ಮತ್ತು ಸಂಖ್ಯೆಯಿಂದ ನಿರ್ದೇಶ ಮಾಡುವುದೇ ಸರಿ. ಪುಸ್ತಕವನ್ನು ಓದುವವನು ಮನೆಯಲ್ಲಿ ಕುಳಿತು ಓದುತ್ತಾನೆ. ಪುಟ ತಿರುಗಿಸಲು ಅವನಿಗೆ ಕೈ ಬಿಡುವಿದೆ.

ಆದರೆ ಒಂದು ಹಾಳೆಯ ಪತ್ರವು ಹೊಲದ ಬದುವಿನ ಮೇಲೆ, ಔಷಧ ತಗಲಿದ ಕೈಯಲ್ಲಿ, ಇನ್ನೊಬ್ಬನ ಬಾಯಿಂದ ಓದಿಸಿಕೊಳ್ಳುವಂಥದು. ಅಲ್ಲಿ ಹತ್ತು ಮಾತು ಹೆಚ್ಚಾದರೆ ಹಾನಿಯಿಲ್ಲ. ಒಂದು ಮಾತು ಕಡಿಮೆಯಾದರೆ ಹಾನಿ. ಶಿಫಾರಸು ಬದಲಾದಾಗ ಅಂತಹ ಹಾಳೆಯನ್ನು ತಿದ್ದುವುದಕ್ಕಿಂತ ಹೊಸ ವರ್ಷವನ್ನು ನಮೂದಿಸಿ ಹೊಸದಾಗಿ ಅಚ್ಚು ಮಾಡುವುದು ಮೇಲು. ಹೀಗೆ ಪುಸ್ತಕಕ್ಕೆ ಒಂದು ಕ್ರಮ, ಹಾಳೆಗೆ ಒಂದು ಕ್ರಮವೆಂದು ಬೇರ್ಪಡಿಸಿಕೊಂಡರೆ ಎರಡು ಆಕ್ಷೇಪಗಳೂ ಪರಿಹಾರವಾಗುತ್ತವೆ.

ಮುಖಂಡರೂ ಜಮೀನುದಾರರೂ ಮಾಡಬೇಕಾದುದು

ಪತ್ರಗಳನ್ನು ಬರೆಯುವವರು ಇಲಾಖೆಯವರಾದರೂ ಅವುಗಳನ್ನು ಪರೀಕ್ಷಿಸುವ ಸ್ಥಳವು ಗ್ರಾಮವೇ. ಯಾವ ಪತ್ರವಾದರೂ ಊರಿಗೆ ಬಂದಾಗ ಮುಖಂಡರು ಅದನ್ನು ಅಕ್ಷರ ಬಲ್ಲ ಒಬ್ಬನಿಂದ ಗಟ್ಟಿಯಾಗಿ ಓದಿಸಬೇಕು. ಕಾಗದವನ್ನು ಕಾಣದ ಒಬ್ಬನು ಅದನ್ನು ಕೇಳಿ, ತಾನು ಮಾಡಬೇಕಾದ ಕೆಲಸವನ್ನು ತಿರುಗಿ ಹೇಳಬೇಕು. ಅವನು ‘ಯಾವುದು?’ ಎಂದು ಕೇಳಿದ ಕಡೆಯಲ್ಲೆಲ್ಲ ನಿರ್ದೇಶವು ಕೆಟ್ಟಿದೆಯೆಂದು ತಿಳಿಯಬೇಕು. ಅಂತಹ ಮಾತುಗಳ ಕೆಳಗೆ ಗೆರೆ ಎಳೆದು, ಪತ್ರವನ್ನು ರೈತ ಸಂಪರ್ಕ ಕೇಂದ್ರಕ್ಕೆ ತೆಗೆದುಕೊಂಡು ಹೋಗಿ, ಉತ್ತರವನ್ನು ಅಂಕಿಯಲ್ಲಿಯೂ ಅಳತೆಯಲ್ಲಿಯೂ ಬರೆಯಿಸಿಕೊಳ್ಳಬೇಕು. ಉತ್ತರ ಬರುವ ತನಕ ಔಷಧವನ್ನು ಮುಟ್ಟಬಾರದು. ಎತ್ತು ಈಯಿತೆಂದರೆ ಕೊಟ್ಟಿಗೆಗೆ ಕಟ್ಟೆಂದವನ ಹಾಗೆ, ಅಚ್ಚಾದುದೆಲ್ಲ ಸರಿಯೆಂದು ನಡೆಯುವುದು ವಿವೇಕವಲ್ಲ.

ಮುಖಂಡರು ತಾವು ಬರೆಯುವ ಕಾಗದಗಳಲ್ಲಿಯೂ ಇದೇ ನಿಯಮವನ್ನು ಪಾಲಿಸುವುದು ಯುಕ್ತ. ನೀರಿನ ಸರದಿಯ ಪಟ್ಟಿ, ಲಾವಣಿಯ ಕರಾರು, ಆಳುಗಳಿಗೆ ಕೊಡುವ ಚೀಟಿ, ಸೊಸಾಯಿಟಿಯ ಠರಾವು ಇವು ಯಾವುದೇ ಇರಲಿ, ವಸ್ತುವಿನ ಬಗೆಯನ್ನು ಹೇಳಿ ಸಂಖ್ಯೆಯನ್ನು ಹೇಳಬೇಕು. ಸಂಖ್ಯೆಯ ಜೊತೆಗೆ ಹೆಸರನ್ನು ಹೇಳಬೇಕು. ಬೇರೆ ಪತ್ರಕ್ಕೆ ಕಳುಹಿಸುವಾಗ ವರ್ಷವನ್ನು ಹೇಳಬೇಕು. ಪ್ರಮಾಣವನ್ನು ಎಂದಿಗೂ ಬೇರೆ ಕಡೆಗೆ ಕಳುಹಿಸದೆ ಅಲ್ಲಿಯೇ ಹೇಳಬೇಕು. ಅಪಾಯವಿರುವಲ್ಲಿ ‘ನೋಡಿ’ ಎಂದು ಬಿಡದೆ ‘ಓದಿದ ಮೇಲೆಯೇ ಮಾಡತಕ್ಕದ್ದು’ ಎಂದು ಕಟ್ಟುನಿಟ್ಟಾಗಿ ಬರೆಯಬೇಕು.

ಮುಂಗಾರಿಗೆ ಮುಂಚೆ ಹಸ್ತಪತ್ರಿಕೆಗಳು ಪ್ರತಿ ವರ್ಷವೂ ಹಳ್ಳಿಹಳ್ಳಿಗೆ ಬರುತ್ತವೆ. ಈ ಸಲ ಬಂದ ಮೊದಲನೆಯ ಪತ್ರವನ್ನು ಊರಿನ ಕಟ್ಟೆಯ ಮೇಲೆ ಓದಿಸಿ, ‘ಮೇಲೆ’, ‘ಕೆಳಗೆ’, ‘ಸದರಿ’, ‘ಹಿಂದಿನಂತೆ’ ಎಂಬ ಮಾತುಗಳು ಎಷ್ಟು ಬಂದವೆಂದು ಎಣಿಸಿ, ಆ ಲೆಕ್ಕವನ್ನು ಇಲಾಖೆಗೆ ಬರೆದು ತಿಳಿಸಿದರೆ ಮುಂದಿನ ವರ್ಷದ ಪತ್ರವು ಖಂಡಿತವಾಗಿಯೂ ಸುಧಾರಿಸುವುದು. ಹೊಲಕ್ಕೆ ಕಳೆ ಕೀಳುವಷ್ಟೇ ಕಾಗದಕ್ಕೂ ಕಳೆ ಕೀಳುವುದು ಅವಶ್ಯವಾಗಿರುತ್ತದೆ.